ಗಾಣದ ಮರದ ಡೊಳ್ಳು

ಅಂಕಲಿಯ ಸಿದ್ದಲಿಂಗ ಬಡಿಗೇರನಿಗೆ ಲೋಕದಲ್ಲಿ ಬೇಕಾದದ್ದು ಒಂದೇ: ಮರದ ವಿಷಯದಲ್ಲಿ ತನ್ನ ಮಾತೇ ಕೊನೆಯ ಮಾತಾಗಬೇಕು. ನಲವತ್ತು ವರ್ಷ ಹಾಗೇ ನಡೆದೂ ಇತ್ತು. ಸುತ್ತಲಿನ ಕುರಿಗಾರರ ಹಟ್ಟಿಗಳಿಗೆಲ್ಲ ಡೊಳ್ಳು ಕೊರೆದು ಕೊಟ್ಟವನು ಅವನೇ. ಕೈ ಬಂಗಾರ, ಬಾಯಿ ಮಾತ್ರ ಹೊಲಸು. ಹೊಸ ಮರ ಕಂಡರೆ ಉಗುಳುತ್ತಿದ್ದ. "ನಿನ್ನೆ ಮೊನ್ನೆ ಹುಟ್ಟಿದ ಗಿಡ. ಅದಕ್ಕೇನ್ ದನಿ ಇರ್ತೈತಿ?" ಕೆಳಗಿನ ಓಣಿಯ ಬಾಳು ಮಾವಿನ ಮರದಲ್ಲಿ ಡೊಳ್ಳು ಮಾಡತೊಡಗಿದಾಗ, "ಮೊಬೈಲ್ ನೋಡಿ ಕಲ್ತಾನ. ಕೋಳಿ ಮುಚ್ಚಾಕ ಅಡ್ಡಿಯಿಲ್ಲ" ಎಂದು ಊರೆಲ್ಲ ಸಾರಿ ಬಂದ.

ಶಿರಗುಪ್ಪಿಯಲ್ಲಿ ಹಳೆಯ ಎಣ್ಣೆಗಾಣದ ಒರಳು ಸಿಕ್ಕ ದಿನ ಅವನಿಗೆ ಕೊಂಬೇ ಮೂಡಿತು. ಹುಣಸೆಯ ಬೊಡ್ಡೆ, ನೂರು ವರ್ಷ ಕುಸುಬಿ ಎಣ್ಣೆ ಕುಡಿದು ಕರ್ರಗಾಗಿತ್ತು. ಅದನ್ನೇ ಕೊರೆದು ಯಡೂರಿನ ಹಾಡುಗಾರ ಮಾಳುವಿನ ಮೇಳಕ್ಕೆ ಡೊಳ್ಳು ಮಾಡಲು ಕುಳಿತ. ಇಂಥ ಮರ ಮುಟ್ಟುವ ಯೋಗ್ಯತೆ ಬಾಳುವಿನಂಥವರಿಗೆಲ್ಲಿ?

"ಇನ್ನೂ ಎಣ್ಣಿ ವಾಸನಿ ಹೊಡ್ಯಾಕತ್ತೈತ್ರಿ. ಬಿಸಲಿಗೆ ಜಿನಗತೈತಿ ನೋಡ್ರಿ" ಎಂದಳು ಹೆಂಡತಿ ತಾರವ್ವ.

"ನೀ ರೊಟ್ಟಿ ಬಡಿ ಹೋಗ. ಮರದ ಮಾತು ನನಗ ಬಿಡು."

ಜಾತ್ರೆಯ ದಿನ ಹಾಲಸಿದ್ದನ ಗುಡಿಯ ಮುಂದೆ ಮಾಳುವಿನ ಮೇಳಕ್ಕೂ ಇನ್ನೊಂದು ಮೇಳಕ್ಕೂ ಡೊಳ್ಳು ಬಾರಿಸುತ್ತ ಹಾಡುವ ಪದಗಳ ಸವಾಲು. ಚರ್ಮ ಬಿಗಿಯಲೆಂದು ಬಾರಿಸುವ ಮೊದಲು ಡೊಳ್ಳನ್ನು ಬಿಸಿಲಿಗಿಡುವುದು ವಾಡಿಕೆ. ಉಳಿದವು ಬಿಗಿದವು, ಸಿದ್ದಲಿಂಗನದು ಬೆವರಿತು. ಮರದೊಳಗಿನ ಎಣ್ಣೆಯೆಲ್ಲ ಮೇಲೆದ್ದು ಚರ್ಮದ ಅಂಚು ತೊಯ್ದು ಮೆತ್ತಗಾಯಿತು. ಮಾಳು ಬಾರಿಸಿದರೆ ಒದ್ದೆ ಗೋಣಿಚೀಲಕ್ಕೆ ಬಡಿದ ಸದ್ದು. ಎದುರು ಮೇಳದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಾಳು ಎಣ್ಣೆಗೈ ಒರೆಸಿಕೊಳ್ಳುತ್ತ, "ಮಾವಾ, ಇದರಾಗ ಪದಾ ಆಗೂದಿಲ್ಲ, ಭಜಿ ಕರೀಬಹುದು" ಎಂದ.

ಆಗಲಾದರೂ ಬಾಯಿ ಮುಚ್ಚಬಾರದೇ? "ಚರ್ಮ ಸುಮಾರ್ ಐತಿ" ಎಂದ ಸಿದ್ದಲಿಂಗ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಬಾಳುವಿನ ಮಾವಿನ ಡೊಳ್ಳು ತರಿಸಿ ಮಾಳು ಸಂಜೆಯವರೆಗೆ ಹಾಡಿದ.

ಸಿದ್ದಲಿಂಗನನ್ನು ಆಮೇಲೆ ಯಾರೂ ಹೀಯಾಳಿಸಲಿಲ್ಲ. ಮರದ ಮಾತು ಕೇಳಲು ಮಾತ್ರ ಒಬ್ಬರೂ ಬರಲಿಲ್ಲ.

ದೀಪಾವಳಿಯ ಹೊತ್ತಿಗೆ ಮಾಳು ಟ್ರ್ಯಾಕ್ಟರಿನಲ್ಲಿ ಮಾವಿನ ಬೊಡ್ಡೆ ಹೇರಿಕೊಂಡು ಅವನ ಮನೆಯ ಮುಂದೆಯೇ ಹಾದ. ಕಟ್ಟೆಯ ಮೇಲೆ ಕುಳಿತಿದ್ದ ಸಿದ್ದಲಿಂಗನ ಕಣ್ಣಿಗೆ ಕಂಡಿತು: ಬೊಡ್ಡೆಯ ನಡುವೆ ಗಂಟು, ಗಂಟಿನ ಕೆಳಗೆ ಕೂದಲೆಳೆಯಷ್ಟು ಸೀಳು. ಉಳಿ ಬಿದ್ದರೆ ಎರಡು ಹೋಳು. ಈ ಸಲ ಅವನ ಮಾತು ಖರೆಯಾಗಿತ್ತು. ದಡಬಡಿಸಿ ಎದ್ದು, "ಮಾಳೂ, ಆ ಮರ ಬ್ಯಾಡೋ, ಸೀಳತೈತಿ!" ಎಂದು ಕೂಗಿದ.

"ಹೌದ್ರಿ ಮಾವಾ, ಹೌದ್ರಿ" ಎಂದು ಮಾಳು ನಕ್ಕು ಕೈ ಎತ್ತಿದ. ಟ್ರ್ಯಾಕ್ಟರು ಬಾಳುವಿನ ಓಣಿಗೆ ಹೊರಳಿತು.