ಬೇಗಂಳ ಕಾಮಾಲೆ, ಗಯಾಸ್ ಸಾಹೇಬರ ತನಿಖೆ

ಯಲಹಂಕ ಹಳೇ ಊರಿನ ಗಯಾಸ್ ಸಾಹೇಬರು ಈ ಜಗತ್ತಿನಲ್ಲಿ ನಂಬಿದ್ದು ಇಬ್ಬರನ್ನೇ. ಒಬ್ಬ ಮೇಲಿರುವವನು, ಇನ್ನೊಬ್ಬಳು ಲಾಯದಲ್ಲಿರುವವಳು. ಮಿಕ್ಕವರೆಲ್ಲ ಅವರ ಮಟ್ಟಿಗೆ ಜಾಮೀನಿನ ಮೇಲೆ ಓಡಾಡಿಕೊಂಡಿರುವ ಆರೋಪಿಗಳು. ಹಾಲಿನವನ ಅಳತೆ, ಗ್ಯಾಸ್ ಸಿಲಿಂಡರಿನ ತೂಕ, ಹೆಬ್ಬಾಳದ ಮೇಲ್ಸೇತುವೆ ದಾಟಲು ಐದೇ ನಿಮಿಷ ಸಾಕೆನ್ನುವ ಫೋನಿನ ನಕ್ಷೆ, ಯಾವುದನ್ನೂ ಅವರು ವಿಚಾರಣೆಯಿಲ್ಲದೆ ಬಿಟ್ಟವರಲ್ಲ. ತಮ್ಮ ನಿಕಾಹ್‌ನಲ್ಲಿ ಖಾಜಿಯವರು ಒಪ್ಪಿಗೆಯೇ ಎಂದು ಮೂರು ಸಲ ಕೇಳಿದಾಗ, ಇಷ್ಟು ಸಲ ಕೇಳುತ್ತಿದ್ದಾರೆಂದರೆ ಒಳಗೇನೋ ಇದೆ ಎಂದು ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟಿದ ಧೀರರು ಅವರು. ಆ ಮಾತನ್ನು ಹೆಂಡತಿ ಅಕ್ಬರಿ ಮೂವತ್ತೊಂದು ವರ್ಷದಿಂದ ಅವರಿಗೆ ನೆನಪಿಸುತ್ತಲೇ ಬಂದಿದ್ದಾರೆ. ಓಣಿಯ ಜನ ಅವರನ್ನು ಹಿಂದಿನಿಂದ ‘ಸಿಐಡಿ ಸಾಬ್ರು’ ಎನ್ನುತ್ತಾರೆ. ಹಾಗೆನ್ನುತ್ತಾರೆಂಬ ಅನುಮಾನವೂ ಅವರಿಗಿದೆ.

ಅವರ ತಂದೆ ಯಲಹಂಕ ರೈಲು ನಿಲ್ದಾಣದ ಮುಂದೆ ಜಟಕಾ ಓಡಿಸುತ್ತಿದ್ದರು. ಆಟೋಗಳು ಬಂದು ಜಟಕಾ ನಿಂತಿತು; ಕುದುರೆಯ ನಂಟು ನಿಲ್ಲಲಿಲ್ಲ. ಮಗ ಮದುವೆ ಮೆರವಣಿಗೆಗೆ ಇಳಿದರು. ಈಗ ಇರುವುದು ಒಂದೇ ಬಿಳಿ ಹೆಣ್ಣು ಕುದುರೆ, ಹೆಸರು ಬೇಗಂ. ಅಮೃತಹಳ್ಳಿಯಿಂದ ಆರ್.ಟಿ. ನಗರದವರೆಗೆ ಎಷ್ಟೋ ಗಂಡುಗಳು ಜೀವನದಲ್ಲಿ ಮೊದಲ ಸಲ ನಡುಗಿದ್ದು ಅವಳ ಬೆನ್ನ ಮೇಲೆ ಕೂತಾಗ. ಪಟಾಕಿ ಸಿಡಿದರೂ ಬ್ಯಾಂಡಿನವರು ಕಿವಿಯ ಪಕ್ಕದಲ್ಲೇ ತುತ್ತೂರಿ ಊದಿದರೂ ಅವಳು ರಾಜಮಾತೆಯಂತೆ ನಡೆಯುತ್ತಾಳೆ. ಈ ಮನೆಯಲ್ಲಿ ಬೇಗಂ ಅಂದರೆ ಅವಳು, ತಾನು ಬರೀ ಅಕ್ಬರಿ ಎಂದು ಹೆಂಡತಿ ಬಂದವರ ಮುಂದೆಲ್ಲ ಹೇಳಿಕೊಳ್ಳುವುದುಂಟು.

ಅಂಥ ಬೇಗಂ ಒಂದು ಸೋಮವಾರ ಬೆಳಿಗ್ಗೆ ಬೇಯಿಸಿದ ಹುರುಳಿಯನ್ನು ಮೂಸಿಯೂ ನೋಡಲಿಲ್ಲ. ಲಾಯದ ಗೋಡೆಗೆ ಹಣೆ ಒತ್ತಿಕೊಂಡು, ತಪ್ಪು ಮಾಡಿದ ಶಾಲೆಯ ಹುಡುಗಿಯಂತೆ ನಿಂತಿದ್ದಳು. ಕಣ್ಣಿನ ಬಿಳಿಭಾಗ ಹಳದಿಯಾಗಿತ್ತು. ಸಾಹೇಬರು ಮೊದಲು ಅದನ್ನು ಅರಿಶಿನ ಅಂದುಕೊಂಡರು. ಹಿಂದಿನ ದಿನ ಅಮೃತಹಳ್ಳಿಯ ಮದುವೆಯಲ್ಲಿ ಮುತ್ತೈದೆಯರು ಅವಳ ಹಣೆಗೆ ಧಾರಾಳವಾಗಿ ಅರಿಶಿನ ಬಳಿದಿದ್ದರು. ಒದ್ದೆ ಬಟ್ಟೆಯಿಂದ ಒರೆಸಿದರು. ಹಣೆ ಬೆಳ್ಳಗಾಯಿತು, ಕಣ್ಣು ಆಗಲಿಲ್ಲ. ತುಟಿ ಎತ್ತಿ ನೋಡಿದರೆ ಒಸಡೂ ಹಳದಿ. ಗಂಜಲ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕಿತ್ತು.

ಇದು ಕಾಮಾಲೆ, ಹೆಬ್ಬಾಳದ ಪಶು ಆಸ್ಪತ್ರೆಗೆ ಹೊರಡಿ ಎಂದರು ಅಕ್ಬರಿ. ಕಾಮಾಲೆ ತಾನಾಗಿ ಬರುವುದಿಲ್ಲ, ಯಾರೋ ಕಳಿಸಿದ್ದಾರೆ ಎಂದು ಸಾಹೇಬರು ತನಿಖೆ ಆರಂಭಿಸಿದರು.

ಮೊದಲ ಸುಳಿವು ಕುದುರೆಯೇ ಕೊಟ್ಟಿತ್ತು. ಅವಳು ಹಣೆ ಒತ್ತಿದ್ದ ಗೋಡೆ ಯಾವ ದಿಕ್ಕಿನದು? ಪೂರ್ವದ್ದು. ಪೂರ್ವಕ್ಕೆ ಏನಿದೆ? ಬಾಗಲೂರು. ಬಾಗಲೂರಿನಲ್ಲಿ ಯಾರಿದ್ದಾರೆ? ಆವಲಪ್ಪ! ನಡುವೆ ಹತ್ತಾರು ಲೇಔಟು, ಕಲ್ಯಾಣ ಮಂಟಪ ಮತ್ತು ಸಾವಿರಾರು ನಿರಪರಾಧಿಗಳಿದ್ದರೂ ಬೇಗಂಳ ಹಣೆ ಅವರನ್ನೆಲ್ಲ ದಾಟಿ ನೇರ ಆವಲಪ್ಪನ ಮನೆ ಬಾಗಿಲನ್ನೇ ತೋರಿಸುತ್ತಿದೆ ಎಂದು ಸಾಹೇಬರಿಗೆ ಖಾತ್ರಿಯಾಯಿತು.

ಈ ಆವಲಪ್ಪ ಬೇಸಾಯದ ಮನೆತನದವನು. ಹೊಲ ಲೇಔಟಾದ ಮೇಲೆ ಹೊತ್ತು ಹೋಗದೆ ಎರಡು ಕುದುರೆ, ಮಿಣಮಿಣ ದೀಪದ ಸಾರೋಟು ಮಾಡಿಕೊಂಡು ಮದುವೆಗಳಿಗೆ ಬರುತ್ತಿದ್ದ. ಅಮೃತಹಳ್ಳಿಯ ಮದುವೆಗೆ ಗಂಡಿಗೆ ಬೇಗಂ, ಹೆಣ್ಣಿಗೆ ಆವಲಪ್ಪನ ಸಾರೋಟು ಗೊತ್ತುಮಾಡಿದ್ದರು. ಊಟ ಮುಗಿಸಿ ಸಾಹೇಬರು ಕೈ ತೊಳೆದು ಬರುವಾಗ ಅವನು ಬೇಗಂಳ ಕೊರಳು ಸವರುತ್ತಾ ನಿಂತಿದ್ದ. ಆಗ ಒಂದು ಮಾತು ಹೇಳಿದ್ದ:

“ನಿಮ್ ಕುದ್ರೆಗೂ ಒಂದ್ ಬೊಗ್ಸೆ ಅಳ್ಳು ಆಕಿದೀನಿ ಕಣ್ರೀ ಸಾಬ್ರೆ.”

ಅಳ್ಳು! ಸೋಮವಾರ ಬೆಳಿಗ್ಗೆ ಆ ಪದ ಸಾಹೇಬರ ತಲೆಯಲ್ಲಿ ಬಾಂಬಿನಂತೆ ಸಿಡಿಯಿತು. ಬಾಗಲೂರಿನ ಕಡೆಯವರು ಹಕಾರವನ್ನು ನುಂಗಿಬಿಡುತ್ತಾರೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಾಲು ಅವರ ಬಾಯಲ್ಲಿ ಆಲು, ಹುಲ್ಲು ಉಲ್ಲು. ಹಾಗಾದರೆ ಅಳ್ಳು ಎಂದರೆ ಹಳ್ಳು, ಅಂದರೆ ಹರಳು, ಹರಳೆಣ್ಣೆಯ ಬೀಜ. ಒಂದು ಹಿಡಿ ಹರಳು ಬೀಜ ಸಾಕು, ಕುದುರೆ ನೆಲ ಕಚ್ಚುತ್ತದೆ. ಕೊಲೆಗಾರ ಮುಖಕ್ಕೆ ಮುಖ ಕೊಟ್ಟು ತಪ್ಪೊಪ್ಪಿಕೊಂಡಿದ್ದಾನೆ, ತಾವು ಮದುವೆ ಊಟದ ಮಂಪರಿನಲ್ಲಿ ಹೂಂ ಅಂದುಬಿಟ್ಟಿದ್ದೇವೆ. ಸಾಹೇಬರಿಗೆ ತಮ್ಮ ಮೇಲೆಯೇ ಅನುಮಾನ ಬಂತು.

ಟೆಂಪೋದಲ್ಲಿ ಬೇಗಂಳನ್ನು ನಿಲ್ಲಿಸಿಕೊಂಡು ಹೆಬ್ಬಾಳಕ್ಕೆ ಹೋದರು. ಅಕ್ಬರಿಯೂ ಜೊತೆಗೆ ಹತ್ತಿದರು. ಆಸ್ಪತ್ರೆಯಲ್ಲಿ ಡಾಕ್ಟರ್ ವೇದಾ ಎಂಬ ಮಿತಭಾಷಿ ಹೆಂಗಸು ಕುದುರೆಯ ಕಣ್ಣು, ಬಾಯಿ, ಹೊಟ್ಟೆ ನೋಡಿದರು. ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಲಿವರು ಬಹಳ ಕೆಟ್ಟಿದೆ ಎಂದು ಸ್ವಲ್ಪ ಹೊತ್ತಿನಲ್ಲೇ ತಿಳಿಯಿತು. ಕಳೆದ ಎರಡು ಮೂರು ತಿಂಗಳಲ್ಲಿ ಯಾವುದಾದರೂ ಇಂಜೆಕ್ಷನ್ ಕೊಡಿಸಿದ್ದೀರಾ ಎಂದು ಅವರು ಕೇಳಿದರು. ಇಲ್ಲ ಎಂದರು ಸಾಹೇಬರು. ಕಚೇರಿಯವರು ಏನೇ ಕೇಳಲಿ, ಮೊದಲು ಇಲ್ಲ ಅನ್ನಬೇಕು ಎಂಬುದು ಅವರ ಬಾಳಿನ ನಿಯಮ. ನಂತರ ತಮ್ಮ ತನಿಖಾ ವರದಿಯನ್ನು ಮಂಡಿಸಿದರು: ಹರಳು ಬೀಜ, ಒಂದು ಬೊಗಸೆ, ಆರೋಪಿ ಆವಲಪ್ಪ.

ಡಾಕ್ಟರಿಗೆ ಯಾಕೋ ತಾಳೆಯಾಗಲಿಲ್ಲ. ಹರಳು ತಿಂದ ಕುದುರೆಗೆ ಹೊಟ್ಟೆನೋವು, ಭೇದಿ ಇರಬೇಕಿತ್ತು. ಇವಳಿಗೆ ಎರಡೂ ಇಲ್ಲ.

“ಸಾಹೇಬ್ರೆ, ಸರಿಯಾಗಿ ಯೋಚಿಸಿ ಹೇಳಿ. ವಿಷ ತಿಂದಿದಾಳೆ ಅಂದ್ರೆ ಮೂಗಿನಿಂದ ನಳಿಗೆ ಇಳಿಸಿ ಹೊಟ್ಟೆ ತೊಳೀಬೇಕು. ಇವಳು ಈಗ ಇರೋ ಸ್ಥಿತೀಲಿ ಆ ಜಗ್ಗಾಟಕ್ಕೇ ಸತ್ತು ಹೋಗ್ಬಹುದು. ತಿಂದಿಲ್ಲ ಅಂದ್ರೆ ಸುಮ್ನೆ ಕೊಂದಂಗಾಗುತ್ತೆ.”

ಸಾಹೇಬರು ಬೇಗಂಳ ಕೊರಳು ಸವರಿದರು. ಆದರೂ ಅನುಮಾನ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಡಾಕ್ಟರು ಆವಲಪ್ಪನ ನಂಬರು ಇಸಿದುಕೊಂಡು ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು. ಗಯಾಸ್ ಸಾಹೇಬರ ಕುದುರೆಗೆ ನೀವು ಹಾಕಿದ್ದು ಯಾವ ಅಳ್ಳು, ಎಣ್ಣೆ ತೆಗೆಯುವ ಬೀಜವೋ ಎಂದು ಕೇಳಿದರು. ಆ ಕಡೆಯಿಂದ ಆವಲಪ್ಪನ ದನಿ ಬಂತು.

“ಅದುನ್ನ ಯಾರಾದ್ರೂ ಕುದ್ರೆಗ್ ಆಕ್ತಾರಾ ಡಾಕ್ಟ್ರವ್ವಾ? ಮದ್ವೇಲಿ ವೋಮಕ್ಕೆ ಸುರೀತಾರಲ್ಲ, ಬತ್ತ ಉರ್ದು ಮಾಡಿದ್ದು, ಆ ಅಳ್ಳು. ಉಳ್ದಿದ್ದುನ್ನ ನಮ್ಮ ಕುದ್ರೆಗಳೂ ತಿಂದ್ವು, ನಾನೂ ತಿಂದೆ. ಯಾರ್ ಇಂಗಂದೋರು? ಸಾಬ್ರಾ?”

ಹರಳೂ ಅಳ್ಳು, ಅರಳೂ ಅಳ್ಳು. ನುಂಗದೇ ಇದ್ದ ಹಕಾರವನ್ನು ಸಾಹೇಬರು ತಾವೇ ಆವಲಪ್ಪನ ಬಾಯಿಗೆ ತುರುಕಿದ್ದರು. ಅಷ್ಟಾದರೂ ಫೋನು ಇಟ್ಟ ಮೇಲೆ, ಅವನು ಬಹಳ ಬೇಗ ಉತ್ತರ ಕೊಟ್ಟ, ಮೊದಲೇ ತಯಾರಾಗಿದ್ದ ಎಂದು ಗೊಣಗಿದರು. ಅಕ್ಬರಿಗೆ ಆಗ ಸಾಕಾಯಿತು.

“ಡಾಕ್ಟ್ರಮ್ಮ, ಇವ್ರ್ ಮಾತು ಬಿಡಿ. ಏಳು ವಾರದ ಹಿಂದೆ ಇವ್ಳ ಗೊರಸಿಗೆ ಮೊಳೆ ಚುಚ್ಚಿತ್ತು. ಇಂಜೆಕ್ಷನ್ ಕೊಡ್ಸಿದಾರೆ.”

ಕೊಡಿಸಿದ್ದು ನಿಜ. ಪಶುಗಳಿಗೆ ಸೂಜಿ ಹಾಕುವ ಕಾಂಪೌಂಡರ್ ಚನ್ನು ಧನುರ್ವಾಯುವಿನ ಮಾಮೂಲಿ ಟಿಟಿ ತೆಗೆದಾಗ ಸಾಹೇಬರು ಬಾಟಲಿಯನ್ನು ಬೆಳಕಿಗೆ ಹಿಡಿದು, ಇದು ನೀರಿನ ಥರ ಇದೆ, ಇದರಲ್ಲೇನೋ ಇದೆ ಎಂದು ಹಟ ಹಿಡಿದು, ಹಾಕಿದ ಕೂಡಲೇ ಕೆಲಸ ಮಾಡುವ ಸೀರಮ್ಮನ್ನೇ ತರಿಸಿದ್ದರು. ಈಗ ನೆಲ ನೋಡುತ್ತಾ ಅದನ್ನೆಲ್ಲ ಒಪ್ಪಿಕೊಂಡರು.

ನಳಿಗೆಯನ್ನು ವಾಪಸ್ ಒಳಗಿಡಲು ಡಾಕ್ಟರು ಹೇಳಿದರು. ಆಮೇಲೆ ನಿಧಾನವಾಗಿ ವಿವರಿಸಿದರು. ಆ ಸೀರಮ್ಮು ತಯಾರಾಗುವುದು ಇನ್ನೊಂದು ಕುದುರೆಯ ರಕ್ತದಿಂದ. ಆ ಕುದುರೆಯ ಮೈಯಲ್ಲಿ ಲಿವರಿನ ವೈರಸ್ ಇದ್ದರೆ ಅಪರೂಪಕ್ಕೆ ಅದೂ ಜೊತೆಯಲ್ಲಿ ಬಂದುಬಿಡುತ್ತದೆ. ಇಂಥ ವೈರಸ್ಸುಗಳು ಕುದುರೆಗಳಲ್ಲಿವೆ, ಕತ್ತೆಗಳಲ್ಲೂ ಸಿಕ್ಕಿವೆ. ಹೆಚ್ಚಿನವಕ್ಕೆ ತಗುಲಿದ್ದೂ ಗೊತ್ತಾಗದು, ವಾಸಿಯಾದದ್ದೂ ಗೊತ್ತಾಗದು. ಎಲ್ಲೋ ಕೆಲವಕ್ಕೆ ಒಂದೆರಡು ತಿಂಗಳಾದ ಮೇಲೆ ಲಿವರು ಇದ್ದಕ್ಕಿದ್ದಂತೆ ಕುಸಿಯುತ್ತದೆ. ವೈರಸ್ ಕೊಲ್ಲುವ ಔಷಧವಿಲ್ಲ. ಡ್ರಿಪ್ಪು, ನೆರಳು, ವಿಶ್ರಾಂತಿ. ಮುಂದಿನ ನಾಲ್ಕೈದು ದಿನದಲ್ಲಿ ಮೇವು ಮುಟ್ಟಿದರೆ ಉಳಿದಾಳು.

ಹಾಗಾದರೆ ತಪ್ಪು ಯಾರದು ಎಂದು ಸಾಹೇಬರು ಕೇಳಿದರು. ಯಾರದೂ ಅಲ್ಲ, ಗಾಯಕ್ಕೆ ಸೀರಮ್ ಹಾಕಿಸದಿದ್ದರೆ ಧನುರ್ವಾಯು ಬಂದು ಸಾಯಬಹುದಿತ್ತು ಎಂದರು ಡಾಕ್ಟರು. ಐವತ್ತೆಂಟು ವರ್ಷದಲ್ಲಿ ಸಾಹೇಬರಿಗೆ ಇಂಥ ಪೆಟ್ಟು ಬಿದ್ದಿರಲಿಲ್ಲ. ಆರೋಪಿಯೇ ಇಲ್ಲದ ಮೊಕದ್ದಮೆಯನ್ನು ಹಿಡಿದುಕೊಂಡು ಏನು ಮಾಡುವುದು?

ಮೂರು ದಿನ ಬೇಗಂ ಆಸ್ಪತ್ರೆಯ ಗೋಡೆಗೆ ಹಣೆ ಒತ್ತಿಕೊಂಡೇ ನಿಂತಳು. ಈ ಗೋಡೆ ಪಶ್ಚಿಮದ್ದು. ಸಾಹೇಬರು ಅದನ್ನು ಗಮನಿಸಿದರೂ ಆ ದಿಕ್ಕಿನ ತನಿಖೆಗೆ ಇಳಿಯಲಿಲ್ಲ. ಡ್ರಿಪ್ಪಿನ ಬಾಟಲಿಯ ಮೇಲಿನ ತಾರೀಖನ್ನು ಮಾತ್ರ ಪ್ರತಿಸಲ ಓದಿದರು. ಅವಳು ಒಂದು ಎಳೆ ಮೇವನ್ನೂ ಮುಟ್ಟಲಿಲ್ಲ. ಅಕ್ಬರಿ ತಂದ ಬುತ್ತಿಯನ್ನು ಸಾಹೇಬರೂ ಬಿಚ್ಚಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಅಂಗಳಕ್ಕೆ ಆವಲಪ್ಪನ ಟೆಂಪೋ ಬಂತು. ಮೆರವಣಿಗೆಗಳಲ್ಲಿ ಬೇಗಂಳ ಪಕ್ಕ ನಿಲ್ಲುವ ಅವನ ಕುದುರೆಗಳ ರಕ್ತವನ್ನೂ ನೋಡಬೇಕು ಎಂದು ಡಾಕ್ಟರೇ ಕರೆಸಿದ್ದರು. ನೋಡಿ ಸಂತೋಷಪಡಲು ಬಂದಿದ್ದಾನೆ ಎಂದುಕೊಂಡರು ಸಾಹೇಬರು. ಆವಲಪ್ಪ ಅವರ ಕಡೆ ತಿರುಗಿಯೂ ನೋಡದೆ ತನ್ನ ಕುದುರೆಗಳನ್ನು ಇಳಿಸಿ ಕಟ್ಟಿ, ಅವುಗಳ ಮುಂದೆ ಒಂದು ಹೊರೆ ಹಸಿರು ಹುಲ್ಲು ಹಾಕಿದ.

ಆ ಕುದುರೆಗಳಲ್ಲೊಂದು ಕೆನೆಯಿತು. ಬೇಗಂಳ ಕಿವಿ ಅಲ್ಲಾಡಿತು. ನಾಲ್ಕು ದಿನದಲ್ಲಿ ಮೊದಲ ಸಲ ಅವಳು ಗೋಡೆಯಿಂದ ಹಣೆ ತೆಗೆದು, ತೂರಾಡುತ್ತಾ ಎರಡು ಹೆಜ್ಜೆ ಇಟ್ಟು, ಆವಲಪ್ಪನ ಹುಲ್ಲಿನ ಹೊರೆಗೆ ಮೂತಿ ಚಾಚಿದಳು.

ಸಾಹೇಬರು ನಡುವೆ ಜಿಗಿದರು. ಅವಳ ಮೂತಿಯನ್ನು ಒಂದು ಕೈಯಲ್ಲಿ ತಡೆದು, ಇನ್ನೊಂದು ಕೈಯಿಂದ ಹೊರೆಯೊಳಗಿನ ನಾಲ್ಕು ಎಳೆ ಕಿತ್ತು ತಮ್ಮ ಬಾಯಿಗೇ ಹಾಕಿಕೊಂಡರು. ಕಣ್ಣು ಮುಚ್ಚಿ, ನಾಲಿಗೆಯ ಎರಡೂ ಬದಿಗೆ ತಳ್ಳಿ, ಶ್ರದ್ಧೆಯಿಂದ ಅಗಿದರು. ಬಾಗಿಲಲ್ಲಿ ಡಾಕ್ಟರು ನಿಂತುಬಿಟ್ಟರು. ಅಕ್ಬರಿ ಸೆರಗಿನಿಂದ ಮುಖ ಮುಚ್ಚಿಕೊಂಡರು.

“ಉಪ್ಪು ಸರ್ಯಾಗದಾ ಸಾಬ್ರೆ?” ಎಂದ ಆವಲಪ್ಪ.

ಸಾಹೇಬರು ಅಗಿದದ್ದನ್ನು ನುಂಗಿ, ಕುದುರೆಯ ಮೂತಿ ಬಿಟ್ಟರು. ಬೇಗಂ ಒಂದು ಬಾಯಿ ಹುಲ್ಲು ಎಳೆದುಕೊಂಡಳು. ಮೆದ್ದಳು. ಇನ್ನೊಂದು ಬಾಯಿ ಎಳೆದುಕೊಂಡಳು. ಸಾಹೇಬರು ಗಡ್ಡಕ್ಕೆ ಅಂಟಿದ್ದ ಹುಲ್ಲಿನ ಎಳೆಯನ್ನೂ ತೆಗೆಯದೆ ಅವಳ ದವಡೆಯನ್ನೇ ನೋಡುತ್ತಾ, ಹಿಂದಕ್ಕೆ ತಿರುಗದೆ, ಸಣ್ಣ ದನಿಯಲ್ಲಿ ಕೇಳಿದರು:

“ಇನ್ನೊಂದ್ ಹೊರೆ ಇದ್ಯಾ ಆವಲಪ್ಪನೋರೆ?”