ಹಳದಿ ಕಂಡರೆ ಕಿಟಕಿ ಮುಚ್ಚುವವರು

ನನಗೆ ಹಳದಿ ಬಣ್ಣ ಕಂಡರೆ ಭಯ. ಹಾವು ಎಂದರೆ, ಎತ್ತರ ಎಂದರೆ, ಅತ್ತೆ ಎಂದರೂ ಜನ ನಂಬುತ್ತಾರೆ. ಹಳದಿ ಎಂದರೆ ನಗುತ್ತಾರೆ. ಹಾಗೆ ನಗುವವರು ಧೂಳಿನ ಕಾಲದಲ್ಲಿ ಒಮ್ಮೆ ಕುವೈತಿನ ಮಂಗಫ್‌ಗೆ ಬಂದು ನಮ್ಮ ಮನೆಯಲ್ಲಿ ಉಳಿಯಬೇಕು. ಇಲ್ಲಿ ಬೆಳಿಗ್ಗೆ ಎದ್ದವರು ದೇವರ ಪಟಕ್ಕಿಂತ ಮೊದಲು ಆಕಾಶ ನೋಡುತ್ತೇವೆ. ನೀಲಿಯಿದ್ದರೆ ಸರಿ. ಮಬ್ಬಾಗಿದ್ದರೆ ಮಾಸ್ಕು. ಹಳದಿಯಾದರೆ ಬಾಗಿಲಿನಡಿಗೆ ಒದ್ದೆ ಟವೆಲ್ಲು, ಕಿಟಕಿಯ ಸಂದಿಗೆ ಅಗಲವಾದ ಟೇಪು. ಕಿತ್ತಳೆಗೆ ತಿರುಗಿತೋ, ಖಲಾಸ್, ಎದುರಿನ ಕಟ್ಟಡವೇ ಕಾಣುವುದಿಲ್ಲ. ನಾನು ಇದನ್ನೆಲ್ಲ ದಿನವೂ ಡೈರಿಯಲ್ಲಿ ಬರೆಯುತ್ತೇನೆ: ತಾರೀಖು, ಆಕಾಶದ ಬಣ್ಣ, ಸುಧಾಳ ಉಸಿರು.

ಸುಧಾ ನನ್ನ ಹೆಂಡತಿ, ಗದಗಿನವಳು. ಮದುವೆಯಾಗಿ ಕುವೈತಿಗೆ ಬರುವವರೆಗೆ ಉಬ್ಬಸವೆಂದರೆ ಅವಳ ಪಾಲಿಗೆ ಅಜ್ಜನ ಕಾಯಿಲೆ. ಈ ವರ್ಷದ ಮೊದಲ ಧೂಳಿಗೇ ಅವಳ ಎದೆಯೊಳಗೆ ಯಾರೋ ಸೀಟಿ ಊದಿದಂತಾಯಿತು, ತುಟಿ ಕಪ್ಪಿಟ್ಟಿತು. ಆಸ್ಪತ್ರೆಯಲ್ಲಿ ಅವಳ ಮೂಗಿಗೆ ಆಮ್ಲಜನಕದ ಮಾಸ್ಕು ಹಾಕಿದ ಮೇಲೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಇದು ಮತ್ತೆ ಆಗಬಾರದು. ಊರಿಗೆ ಕಳಿಸೋದನ್ನೂ ಯೋಚಿಸಿ" ಎಂದರು. ಅಂದಿನಿಂದ ನಾನು ರಿಫೈನರಿಯಲ್ಲಿ ಗೇಜು ನೋಡುವ ಕೆಲಸವನ್ನು ಮನೆಗೂ ತಂದೆ. ಅವಳು ಮೆಟ್ಟಿಲು ಹತ್ತಿದರೆ ಕಿವಿಗೊಟ್ಟೆ. ನಕ್ಕರೆ ಕಿವಿಗೊಟ್ಟೆ. ನಿದ್ದೆಯಲ್ಲಿ ಹೊರಳಿದರೆ ಎದ್ದು ಕುಳಿತೆ. ಅವಳ ಇಕಾಮಾ, ಅಂದರೆ ಇಲ್ಲಿರಲು ಬೇಕಾದ ಪರವಾನಗಿ, ವರ್ಷದ ಕೊನೆಗೆ ಮುಗಿಯುತ್ತಿತ್ತು. ಅದನ್ನು ನವೀಕರಿಸಬಾರದು, ಅವಳನ್ನು ಕಳಿಸಿಬಿಡಬೇಕು ಎಂದು ಒಬ್ಬನೇ ತೀರ್ಮಾನಿಸಿದೆ. ಹೇಳುವ ಧೈರ್ಯ ಮಾತ್ರ ಮಂಗಫ್‌ನಲ್ಲಿ ಬರಲಿಲ್ಲ.

ಅಷ್ಟರಲ್ಲಿ ನಮ್ಮ ಕಡೆಯ ನಾಲ್ಕಾರು ಕುಟುಂಬಗಳು ಸೇರಿ ಅಕ್ಟೋಬರಿನಲ್ಲಿ ಜಾರ್ಜಿಯಾಕ್ಕೆ ಹೊರಟವು, ಗುಡ್ಡದ ಮೇಲೆ ಎಲೆ ಬಣ್ಣ ತಿರುಗುವುದನ್ನು ನೋಡಲು. ನಮ್ಮಲ್ಲಿ ಹಣ್ಣೆಲೆ ಉದುರಿದರೆ ಬೈದುಕೊಂಡು ಕಸಬರಿಗೆ ಹುಡುಕುತ್ತೇವೆ. ಅದನ್ನು ನೋಡಲು ವಿಮಾನ ಹತ್ತುವುದೆಂದರೆ ನನಗೆ ನಗು. ಆದರೂ ಹೊರಟೆ. ತಂಪು ಗಾಳಿ, ಚೆಂದದ ಜಾಗ, ಅಲ್ಲಿ ಹೇಳಿಬಿಡೋಣ ಎಂದುಕೊಂಡೆ.

ಬಾಡಿಗೆ ಬಸ್ಸು ಒಂದು ತಿರುವು ದಾಟಿತು. ಎದುರಿನ ಇಡೀ ಗುಡ್ಡ ಹಳದಿ. ಅದರ ಮೇಲೆ ಕಿತ್ತಳೆ, ನಡುನಡುವೆ ತುಕ್ಕಿನ ಕೆಂಪು. ನಾನು ಯೋಚಿಸುವುದಕ್ಕೂ ಮೊದಲೇ ನನ್ನ ಕೈ ಕಿಟಕಿಯ ಗಾಜನ್ನು ಎಳೆದು ಮುಚ್ಚಿತ್ತು.

"ಏನ್ರೀ ಸಾಹೇಬ್ರ, ಗುಡ್ಡಾ ನೋಡಾಕಂತ ಬಂದು ಕಿಟಕಿ ಮುಚ್ಚತೀರಿ?" ಹಿಂದಿನ ಸೀಟಿನಿಂದ ಬಾಗಲಕೋಟೆಯ ಬಸವರಾಜ ಗೇಲಿ ಮಾಡಿದ.

ತಿರುಗಿ ನೋಡಿದರೆ ಅವನ ಹೆಂಡತಿಯೂ ತನ್ನ ಕಿಟಕಿ ಮುಚ್ಚಿ ಸೆರಗನ್ನು ಮೂಗಿಗೆ ಹಿಡಿದಿದ್ದಳು. ಅರ್ಧ ಬಸ್ಸಿನ ಕಿಟಕಿಗಳು ಮುಚ್ಚಿದ್ದವು. ಚಾಲಕ ಕನ್ನಡಿಯಲ್ಲಿ ನಮ್ಮನ್ನು ನೋಡಿ, ಈ ಜನಕ್ಕೆ ಚಳಿ ಎಂದುಕೊಂಡನೋ ಏನೋ, ಹೀಟರು ಹಾಕಿದ.

ಬಸ್ಸಿಳಿದು ಕಾಡಿನ ಹಾದಿಯಲ್ಲಿ ನಡೆದೆವು. ಶಾಲೆಯಲ್ಲಿ ಓದಿದ್ದು ನೆನಪಾಯಿತು: ಎಲೆಗೆ ಹಳದಿ ಹೊಸದಾಗಿ ಬರುವುದಿಲ್ಲವಂತೆ. ಅದು ಮೊದಲಿನಿಂದಲೂ ಹಸಿರಿನ ಅಡಿಯಲ್ಲೇ ಇರುತ್ತದೆ. ಹಸಿರು ಹೋದಾಗ ಕಾಣುತ್ತದೆ, ಅಷ್ಟೆ. ಭಯವೂ ಹಾಗೆಯೇ ಇರಬೇಕು ಎಂದು ಯೋಚಿಸುತ್ತಿದ್ದಾಗಲೇ ಗಾಳಿ ಎದ್ದಿತು. ಕಾಡು ಭೋರೆಂದಿತು. ಹಳದಿಯ ಒಂದು ದೊಡ್ಡ ಮೋಡ ನೆಲದಿಂದೆದ್ದು ನಮ್ಮ ಕಡೆಗೇ ನುಗ್ಗಿ ಬಂತು. ನಾನು ಸುಧಾಳ ದುಪಟ್ಟಾ ಎಳೆದು ಅವಳ ಮುಖಕ್ಕೆ ಸುತ್ತಿ, ಎರಡೂ ಕೈಯಿಂದ ಒತ್ತಿ ಹಿಡಿದೆ.

"ಬಿಡ್ರೀ! ಉಸಿರು ಕಟ್ಟಾಕತ್ತೇತಿ!"

ಆ ದಿನ ಅವಳ ಉಸಿರಿಗೆ ಅಡ್ಡ ಬಂದದ್ದು ನಾನೊಬ್ಬನೇ. ಬಿಡಿಸಿಕೊಂಡವಳು ನನ್ನ ತಲೆಯ ಮೇಲಿನ ಎಲೆಗಳನ್ನು ನೋಡಿ ನಗತೊಡಗಿದಳು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಇನ್‌ಹೇಲರ್ ಯಾವ ಜೇಬಿನಲ್ಲಿದೆ ಎಂಬುದೇ ಮರೆತಿತ್ತು. ಸೀಟಿಯ ಸದ್ದಿಗಾಗಿ ಕಿವಿ ನೆಟ್ಟು ನಿಂತೆ. ಕೆಮ್ಮು ನಿಂತಿತು. ಸೀಟಿ ಇರಲಿಲ್ಲ.

ಅವಳು ಬಿದ್ದ ಮರವೊಂದರ ಮೇಲೆ ಕುಳಿತು ಕಣ್ಣೊರೆಸಿಕೊಂಡಳು. "ನನ್ನ ಊರಿಗೆ ಕಳಸ್ತೀನಿ ಅಂತ ಹೇಳಾಕ ಇಲ್ಲಿತನಾ ಕರಕೊಂಡು ಬಂದೀರಿ, ಹೌದಿಲ್ಲೋ?"

"ನಿನಗ ಯಾರು ಹೇಳಿದ್ರು?"

"ನಿಮ್ಮ ಮಾರೀನ ಹೇಳತೈತಿ. ಉಸಿರು ನಂದು, ಲೆಕ್ಕ ಇಡೋರು ನೀವು. ಒಂದು ಸಲನರ ನನ್ನ ಕೇಳೀರೇನು?"

ಕೇಳಿರಲಿಲ್ಲ.

"ಧೂಳಿನ ತಿಂಗಳು ಅವ್ವನ ಕಡೆ ಹೋಗಿರ್ತೀನಿ, ಉಳದಿದ್ದು ನಿಮ್ಮ ಕೂಡ. ಈ ಗಿಡ ನೋಡ್ರಿ. ಚಳಿ ಬಂತಂತ ಎಲೆ ಉದುರಿಸ್ಯಾವ, ಗುಡ್ಡಾ ಬಿಟ್ಟಾವೇನು?"

ಮರಳಿ ಬಂದ ಮೇಲೆ ಡಾಕ್ಟರನ್ನು ಕೇಳಿದೆವು. ಅವರು ಔಷಧಿ ಬದಲಿಸಿ, ಧೂಳೆದ್ದ ದಿನ ಮನೆಯಿಂದ ಹೊರಬರಕೂಡದೆಂಬ ಷರತ್ತಿನ ಮೇಲೆ ಹೂಂ ಎಂದರು. ಇಕಾಮಾ ನವೀಕರಿಸಿದೆ.

ಇವತ್ತು ಬೆಳಿಗ್ಗೆ ಎದ್ದರೆ ಆಕಾಶ ಹಳದಿ. ಅಕಾಲದ ಧೂಳು. ಗುಡ್ಡ ನೋಡಿ ಬಂದ ಮಾತ್ರಕ್ಕೆ ಭಯ ಹೋಗುವುದಿಲ್ಲ ಎಂದು ಖಾತ್ರಿಯಾಯಿತು. ಟವೆಲ್ಲು ಒದ್ದೆ ಮಾಡಿಕೊಂಡು ಓಡಿ ಬಂದರೆ, ಸುಧಾ ಆಗಲೇ ಇನ್‌ಹೇಲರ್ ಎಳೆದುಕೊಂಡು ಕಿಟಕಿಗೆ ಟೇಪು ಅಂಟಿಸುತ್ತಿದ್ದಳು. ಹೊರಗೆ ನೋಡಿ, "ಬರ್ರಿ, ನಿಮ್ಮ ಜಾರ್ಜಿಯಾ ಬಾಗಿಲಿಗೇ ಬಂದೈತಿ" ಎಂದಳು.

ಡೈರಿ ತೆಗೆದೆ. ತಾರೀಖು ಬರೆದೆ, ಹಳದಿ ಎಂದು ಬರೆದೆ. ಮೂರನೆಯದಕ್ಕೆ ಎಂದಿನಂತೆ ಅವಳ ಎದೆಯ ಕಡೆ ಕಿವಿ ಹೊರಳಿತು. ತಡೆದುಕೊಂಡು, "ಉಸಿರು ಹೆಂಗೈತಿ?" ಎಂದು ಕೇಳಿದೆ.

ಅವಳು ಟೇಪಿನ ತುದಿಯನ್ನು ಹಲ್ಲಿನಿಂದ ಕತ್ತರಿಸುತ್ತಾ ಸ್ವಲ್ಪ ಯೋಚಿಸಿದಳು. "ಒಂಚೂರು ಬಿಗಿ ಐತಿ. ಹೆಚ್ಚಾದ್ರ ನಾನ ಹೇಳ್ತೀನಿ. ಹೆದರಬ್ಯಾಡ್ರಿ."

ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡೆ, ಹೆದರಬ್ಯಾಡ್ರಿ ಎಂಬುದನ್ನೂ ಸೇರಿಸಿ.