ಬೇಟೆನಾಯಿಗೆ ಬಂದ ಬೊಜ್ಜು

ನಮ್ಮ ಹಟ್ಟಿಯಲ್ಲಿ ನಾಯಿಗೆ ಬೊಜ್ಜು ಬಂದರೆ ಮನೆಯವರಿಗೆ ದಂಡ ಬೀಳುತ್ತಿತ್ತು. ಇದನ್ನು ಹೇಳಿದರೆ ಈಗಿನವರು ನಗುತ್ತಾರೆ. ಮೊನ್ನೆ ನಮ್ಮ ಓಣಿಯ ಒಬ್ಬಾಕೆ ಬಂದು, ಪರದೇಶದಲ್ಲಿ ಎಲ್ಲೋ ಸಾಕಿದ ನಾಯಿ ದಪ್ಪಗಾದರೆ ಮಾಲೀಕರಿಗೆ ಶಿಕ್ಷೆ ಕೊಡಬೇಕೋ ಬೇಡವೋ ಅಂತ ದೊಡ್ಡ ವಾದ ನಡೆದಿದೆಯಂತೆ ಎಂದು ಹೇಳಿ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ನಾನು ಕೇಳಿದ್ದು ಒಂದೇ ಮಾತು: ನಾಯಿ ದಪ್ಪಗಾಯಿತಲ್ಲ, ಆ ಮನೆಯಲ್ಲಿ ತೆಳ್ಳಗಾದವರು ಯಾರು, ಅದನ್ನು ಯಾರಾದರೂ ನೋಡಿದರೇ? ಅವಳು ಚಹಾ ಕುಡಿದು ಎದ್ದು ಹೋದಳು.

ನಾನು ಚಿಮ್ಮಡದಿಂದ ಮುಧೋಳದ ಕಡೆಯ ಕುರಿಗಾರರ ಹಟ್ಟಿಗೆ ಸೊಸೆಯಾಗಿ ಬಂದಾಗ ಸಂಸ್ಥಾನ ಮುಗಿದು ಮುಂಬಯಿ ಸರಕಾರ ಬಂದ ಹೊಸತು. ಹೊಸ ಸರಕಾರದ ಕಾಯಿದೆ ಇನ್ನೂ ನಮ್ಮ ಹಟ್ಟಿಯವರೆಗೆ ನಡೆದು ಬಂದಿರಲಿಲ್ಲ. ನಮಗೆ ದೈವವೇ ಕೋರ್ಟು. ದೈವ ಎಂದರೆ ಬೀರೇಶ್ವರನ ಗುಡಿಯ ಮುಂದೆ ಕೂಡುವ ಹಿರಿಯರು. ಅವರು ಹೇಳಿದ್ದೇ ಕಡೆಯ ಮಾತು. ಹಟ್ಟಿಯ ಕುರಿಗಳೆಲ್ಲ ಒಟ್ಟಿಗೇ ಮೇಯಲು ಹೋಗುತ್ತಿದ್ದವು, ಮನೆಗೊಂದು ಬೇಟೆನಾಯಿ ಅವುಗಳ ಹಿಂದೆ. ಪಕ್ಕೆಲುಬು ಕಾಣುವ ನಾಯಿಯೇ ಛಲೋ ನಾಯಿ. ಮೈ ಬಂದ ನಾಯಿ ತೋಳದ ಹಿಂದೆ ಓಡಲಾರದು, ಆಗ ಹೋಗುವುದು ನೆರೆಯವರ ಕುರಿ. ಅದಕ್ಕೇ ದಂಡ. ಗುಡಿಯ ದೀಪಕ್ಕೆ ಎಣ್ಣೆ ಕೊಡಬೇಕು, ಎಲ್ಲರೆದುರು ತಲೆ ತಗ್ಗಿಸಿ ನಿಲ್ಲಬೇಕು. ಎಣ್ಣೆಗಿಂತ ತಲೆ ತಗ್ಗಿಸುವುದೇ ಭಾರ.

ನಮ್ಮ ಮನೆಯ ನಾಯಿ ಕೆಂಚು ಬಣ್ಣದ್ದು, ಹಿಂದೊಮ್ಮೆ ತೋಳದ ಕುತ್ತಿಗೆ ಹಿಡಿದು ನಮ್ಮ ಮಾವನವರನ್ನು ಉಳಿಸಿದ್ದು. ಆ ಚಳಿಗಾಲ ಅದಕ್ಕೆ ಮೈ ಬರತೊಡಗಿತು. ಹೊಟ್ಟೆ ಜೋತಿತು, ಬೆನ್ನು ಅಗಲವಾಯಿತು, ಹಟ್ಟಿಯ ಅಂಚಿನ ಬೇಲಿ ಹಾರಲಾರದೆ ಅಲ್ಲೇ ನಿಂತು ಬೊಗಳತೊಡಗಿತು. ಹೆಣ್ಣುನಾಯಿ ಆಗಿದ್ದರೆ ಬಸಿರು ಅಂದು ಸುಮ್ಮನಾಗಬಹುದಿತ್ತು. ಇದು ಗಂಡು.

ಸಂಶಯ ನನಗೆ ಹುಟ್ಟಿನಿಂದ ಬಂದದ್ದು. ತವರಲ್ಲಿ ನಮ್ಮವ್ವ ಕಾಯಿಸಿದ ಹಾಲನ್ನೂ ನೀರು ಬೆರೆಸಿದ್ದಾಳೇನೋ ಅಂತ ಬೆರಳದ್ದಿ ನೋಡುತ್ತಿದ್ದವಳು ನಾನು. ಒಂದು ದಿನ ನಾಯಿಯ ಮೂತಿ ಮೂಸಿದೆ. ತುಪ್ಪದ ವಾಸನೆ. ನನಗೆ ಸಿಟ್ಟು ನೆತ್ತಿಗೇರಿತು. ಸೊಸೆಗೆ ಒಣರೊಟ್ಟಿ, ಖಾರ; ನಾಯಿಗೆ ತುಪ್ಪ. ಇದು ಅತ್ತೆಯದೇ ಕೆಲಸ ಎಂದು ತೀರ್ಮಾನಿಸಿಬಿಟ್ಟೆ. ಅತ್ತೆಯವರ ಲೆಕ್ಕವೇ ಬೇರೆ. ಮನೆಯಲ್ಲಿದ್ದ ಬಾಣಂತಿಗೆಂದು ಅಂಟು, ಬೆಲ್ಲ ಸೇರಿಸಿ ಕಟ್ಟಿದ ಅಂಟಿನುಂಡಿ ಡಬ್ಬಿಯಲ್ಲಿ ಬೇಗ ಬೇಗ ಇಳಿಯುತ್ತಿತ್ತು, ಬಾಣಂತಿಯ ಮೈ ಮಾತ್ರ ತುಂಬುತ್ತಿರಲಿಲ್ಲ. ಹಾಗಾಗಿ ಅವರ ಕಣ್ಣು ನನ್ನ ಮೇಲೆ. ನಾನು ನಡುಮನೆಗೆ ಹೋದರೆ ಸಾಕು, ಹಿಂದೆಯೇ ಅವರ ಕೆಮ್ಮು ಕೇಳುತ್ತಿತ್ತು. ಮಾವನವರು ಕುರಿ ಕಾಯುವ ಆಳುಗಳನ್ನು ಸಂಶಯದಿಂದ ನೋಡುತ್ತಿದ್ದರು. ಒಂದೇ ಮನೆಯಲ್ಲಿ ಎಲ್ಲರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒಬ್ಬರನ್ನೊಬ್ಬರು ಕಾಯುತ್ತಿದ್ದೆವು.

ಬಾಣಂತಿ ನನ್ನ ನಾದಿನಿ. ಬೀಳಗಿಯ ಕಡೆ ಕೊಟ್ಟಿದ್ದರು, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಬಂದ ದಿನ ನೀರು ಎರೆಯುವಾಗ ಅವಳ ಬೆನ್ನ ಮೇಲೆ ಹಗ್ಗದ ಬಾಸುಂಡೆ ಇದ್ದವು. ಅತ್ತೆ ಅವುಗಳ ಮೇಲೆ ಎಣ್ಣೆ ಸವರಿದರು, "ಗಂಡಸರ ಮುಂದ ಬಾಯಿ ಬಿಡಬ್ಯಾಡ. ಎಲ್ಲಾರ ಮನ್ಯಾಗೂ ಇರೂದ ಇದು" ಎಂದು ನನಗೆ ಹೇಳಿದರು. ನಾನು ಬಾಯಿ ಬಿಡಲಿಲ್ಲ. ಹೆಣ್ಣುಕೂಸು ಹುಟ್ಟಿತು. ಗಂಡನ ಮನೆಯಿಂದ ನೋಡಲು ಯಾರೂ ಬರಲಿಲ್ಲ, ಬಾಣಂತನ ಮುಗಿಸಿ ಕಳಿಸಿರಿ ಎಂಬ ಮಾತು ಮಾತ್ರ ಬಂತು.

ನಮ್ಮಲ್ಲಿ ಬಾಣಂತಿ ಉಣ್ಣುವುದನ್ನು ಯಾರೂ ನೋಡಬಾರದು, ದೃಷ್ಟಿ ತಾಕುತ್ತದೆ. ಒಳಕೋಣೆಯ ಬಾಗಿಲಿಗೆ ಕಂಬಳಿ ಇಳಿಬಿಟ್ಟು, ತಾಟು ಒಳಗಿಟ್ಟು, ಬೆನ್ನು ತಿರುಗಿಸಿ ಬರಬೇಕು. ತುಪ್ಪದ ಅನ್ನ, ಅಳ್ವಿ ಬೀಜದ ಪಾಯಸ, ಉತ್ತತ್ತಿ, ಕೊಬ್ಬರಿ ಹಾಕಿದ ಉಂಡಿ. ತಾಟು ನೆಕ್ಕಿದಂತೆ ಖಾಲಿಯಾಗಿ ಹೊರಗೆ ಬರುತ್ತಿತ್ತು. ಇನ್ನೊಂದು ಪದ್ಧತಿಯೂ ಇತ್ತು. ಮಗಳನ್ನು ಗಂಡನ ಮನೆಗೆ ತಿರುಗಿ ಕಳಿಸುವಾಗ ಅವಳ ಮೈ ಕೈ ತುಂಬಿರಬೇಕು. ಸೊರಗಿದ ಬಾಣಂತಿಯನ್ನು ಕಳಿಸುವುದು ತವರಿಗೆ ದೊಡ್ಡ ಅವಮಾನ. ಅತ್ತೆ ದಿನಾ ಎರೆಯುವಾಗ ಮಗಳ ತೋಳು ಹಿಡಿದು ನೋಡಿ, "ಇನ್ನೂ ಮೈಯಾಗ ಕಸುವು ಬಂದಿಲ್ಲ, ಈ ವಾರ ಬ್ಯಾಡ" ಅನ್ನುತ್ತಿದ್ದರು. ಪಕ್ಕದ ಮನೆಯ ಬಂಜೆಯ ಕಣ್ಣು ತಾಕಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ಮರುದಿನ ಇನ್ನೊಂದು ಉಂಡಿ ಹೆಚ್ಚಿಗೆ ಇಡುತ್ತಿದ್ದರು.

ಅಷ್ಟರಲ್ಲಿ ಹಟ್ಟಿಯ ಗೌಡಪ್ಪನೆಂಬವನ ಎಳೆಯ ಕುರಿಮರಿ ಕಾಣೆಯಾಯಿತು. ಎಲ್ಲರ ಕಣ್ಣೂ ನಮ್ಮ ನಾಯಿಯ ಹೊಟ್ಟೆಗೆ ಬಿದ್ದವು. ಕುರಿಗಾರರಲ್ಲಿ ಮರಿ ತಿಂದ ನಾಯಿಗೆ ಬದುಕಿಲ್ಲ. ಒಮ್ಮೆ ರುಚಿ ಹತ್ತಿದರೆ ಬಿಡುವುದಿಲ್ಲ ಅಂತ ಸಾಕಿದವನೇ ತನ್ನ ಕೈಯಿಂದ ಅದನ್ನು ಕೊಲ್ಲಬೇಕು. ಮಾವನವರು ನಾಯಿಯನ್ನು ಕಟ್ಟಿಹಾಕಿ, ಅದರ ಪಕ್ಕದಲ್ಲೇ ಕುಳಿತು ರಾತ್ರಿ ಕಳೆದರು.

ಬೆಳಿಗ್ಗೆ ಗುಡಿಯ ಮುಂದೆ ದೈವ ಕೂಡಿತು. ಹೆಂಗಸರು ನಾವು ಬೇವಿನ ಗಿಡದ ಆಚೆ ನಿಂತಿದ್ದೆವು. ಹಿರಿಯರಲ್ಲಿ ಮುಖ್ಯನಾದ ಮುದುಕ ನಾಯಿಯ ಬೆನ್ನು ತಟ್ಟಿ ನೋಡಿ, "ಏನ್ ಹಾಕ್ತೀರಿ ಇದಕ್ಕ?" ಎಂದು ಕೇಳಿದ.

"ಎಲ್ಲಾರು ಹಾಕೂದ. ನುಚ್ಚು, ಮಜ್ಜಿಗಿ" ಎಂದರು ಮಾವ.

"ನುಚ್ಚಿನಾಗ ಇಂಥಾ ಮೈ ಬರೂದಿದ್ರ ನಾವೂ ಬರೇ ನುಚ್ಚ ಉಣ್ತಿದ್ವಿ." ಜನ ನಕ್ಕರು. ಮುದುಕ ನಗಲಿಲ್ಲ. ಭಂಡಾರದ ತಾಟು ಮುಂದೆ ಸರಿಸಿದ. "ನಾಯಿ ಮರಿ ತಿಂದಿಲ್ಲ ಅಂತ ಭಂಡಾರ ಮುಟ್ಟಿ ಹೇಳು. ಆತು, ನಾವು ಎದ್ದು ಹೋಗ್ತೀವಿ."

ಭಂಡಾರವೆಂದರೆ ದೇವರ ಅರಿಷಿಣದ ಪುಡಿ. ಅದನ್ನು ಮುಟ್ಟಿ ಸುಳ್ಳಾಡಿದರೆ ವಂಶ ಉಳಿಯದು ಎಂಬುದು ನಮ್ಮವರ ನಂಬಿಕೆ. ಮಾವ ಕೈ ಚಾಚಿದರು. ತಾಟಿನ ಮೇಲೆ ಕೈ ನಿಂತುಬಿಟ್ಟಿತು. "ತಿಂದಿಲ್ಲ ಅಂತ ನನ್ನ ಮನಸಿಗಿ ಖರೆ ಐತ್ರಿ. ಆದ್ರ ಏನ್ ತಿಂದು ಹಿಂಗಾಗೇತಿ ಅಂತ ನನಗ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕ ಹೆಂಗ ಭಂಡಾರ ಮುಟ್ಟಲಿ?" ಎಂದು ಹೆಂಗಸರ ಕಡೆ ತಿರುಗಿದರು. ಅತ್ತೆ ನನ್ನನ್ನು ನೋಡಿದರು. ಅತ್ತೆ ನೋಡಿದ್ದಕ್ಕೆ ಎಲ್ಲರೂ ನನ್ನನ್ನು ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ, ಏನೂ ಮಾಡದ ನಾನೂ ಸೆರಗು ಸರಿಪಡಿಸಿಕೊಂಡೆ. ಅದು ಅವರಿಗೆ ಇನ್ನಷ್ಟು ಅನುಮಾನ ಹುಟ್ಟಿಸಿರಬೇಕು. ಮರಿ ಕಳೆದುಕೊಂಡವನು, "ಕೈ ಯಾಕ ನಿಂತಿತು ಅಂತ ಎಲ್ಲಾರಿಗೂ ತಿಳೀತು. ಹಗ್ಗ ತರ್ರಿ" ಎಂದ.

ಆಗ ನನ್ನ ಹಿಂದಿನಿಂದ ನಾದಿನಿ ಬಂದಳು. ಗಾಳಿಗೆ ಹೊರಬರಬಾರದ ಬಾಣಂತಿ, ಕೂಸನ್ನು ನನ್ನ ಕೈಗೆ ಕೊಟ್ಟು, ಗಂಡಸರ ನಡುವೆ ಹೋಗಿ ನಿಂತಳು.

"ಯಪ್ಪಾ, ಕೈ ತಗೀ. ನಾಯಿ ತಿಂದದ್ದು ನನ್ನ ಉಂಡಿ, ನನ್ನ ತುಪ್ಪ. ದಿನಾ ನಾನ ಹಾಕೇನಿ."

ಆ ನಾಯಿಯನ್ನು ಮರಿಯಿದ್ದಾಗಿನಿಂದ ಸಾಕಿದವಳು ಅವಳೇ. ಅದು ಅವಳು ಮಲಗುವ ಹೊರಸಿನ ಕೆಳಗೆ ಇರುತ್ತಿದ್ದುದನ್ನು ನಾವೆಲ್ಲ ಕಂಡಿದ್ದೆವು, ಅದರಲ್ಲಿ ಸಂಶಯಪಡುವಂಥದ್ದು ಏನೂ ನನಗೆ ಕಂಡಿರಲಿಲ್ಲ. ಎಲ್ಲರ ಮೇಲೂ ಸಂಶಯಪಟ್ಟ ನಾನು ಅವಳೊಬ್ಬಳನ್ನು ಬಿಟ್ಟಿದ್ದೆ.

"ಬಾಣಂತಿಗಿ ಕೊಟ್ಟದ್ದನ್ನ ನಾಯಿಗಿ ಯಾಕ ಹಾಕಿದಿ ತಂಗಿ?" ಎಂದು ಕೇಳಿದ ಮುದುಕ.

ಅವಳು ಹೊದ್ದ ಕಂಬಳಿಯನ್ನು ಹೆಗಲಿನಿಂದ ಜಾರಿಸಿದಳು; ಹೆಗಲ ಹಿಂದೆ ಹಗ್ಗದ ಏಟಿನ ಹಳೆಯ ಕಲೆಗಳು ಕಂಡವು. ಕೈ ಎತ್ತಿದಳು, ಬಳೆ ಮಣಿಕಟ್ಟಿನಿಂದ ಮೊಣಕೈಗೆ ಸರಿದವು. "ನನ್ನ ಮೈ ತುಂಬಬಾರದು ಅಂತ. ಮೈ ತುಂಬಿದ ದಿನ ನನ್ನ ಅಲ್ಲಿಗಿ ಕಳಸ್ತೀರಲ್ಲಾ."

ಮಾವನವರಿಗೆ ಬಾಸುಂಡೆಯ ಸುದ್ದಿಯೇ ಗೊತ್ತಿರಲಿಲ್ಲ. ಅವರು ಅತ್ತೆಯನ್ನು ನೋಡಿದರು, ಅತ್ತೆ ನೆಲ ನೋಡಿದರು. ಮುದುಕ ನಾಯಿಯ ಹಗ್ಗ ಬಿಚ್ಚಿಸಿದ. ಮರಿ ಎಲ್ಲಿ ಹೋಯಿತೋ ನನಗೆ ಇಂದಿಗೂ ತಿಳಿಯದು. ಅದರ ಮಾಲೀಕನ ಮನೆಗೆ ಆ ವಾರ ಬೀಗರು ಬಂದಿದ್ದರು ಎಂಬುದನ್ನು ಮಾತ್ರ ನಾನು ಮರೆತಿಲ್ಲ. ಆದರೆ ನಾಯಿ ಕೊಬ್ಬಿದ ದಂಡ ಬೇರೆ, ಅದನ್ನು ಬಿಡುವಂತಿರಲಿಲ್ಲ. ಮಾವ ಅಲ್ಲೇ ಎಣ್ಣೆ ಒಪ್ಪಿಕೊಂಡು ತಲೆ ತಗ್ಗಿಸಿ ನಿಂತರು. ದಂಡ ಸರಿಯೇ ಇತ್ತು ಎಂದು ನಾನು ಈಗಲೂ ಹೇಳುತ್ತೇನೆ. ಸಾಕಿದ ಮೇಲೆ ಅದರ ಮೈ ನಮ್ಮ ಜವಾಬ್ದಾರಿ. ನನಗೆ ಉರಿಯುವುದು ಬೇರೆ ಮಾತಿಗೆ. ನಾಯಿಗೆ ಮೈ ಬಂದದ್ದನ್ನು ಇಡೀ ಹಟ್ಟಿ ನೋಡಿತು. ಮಗಳು ಬತ್ತಿದ್ದಕ್ಕೆ ದೈವದಲ್ಲಿ ಒಂದು ದಂಡವೂ ಇರಲಿಲ್ಲ.

ಮನೆಗೆ ಬಂದ ಕೂಡಲೇ ಅತ್ತೆ ಒಲೆ ಹೊತ್ತಿಸಿದರು. ತಾಟು ಹಿಡಿದು ಒಳಕೋಣೆಗೆ ಹೋಗಿ, ಬಾಗಿಲ ಕಂಬಳಿಯನ್ನು ಕಿತ್ತು ಮೂಲೆಗೆ ಎಸೆದು, ಮಗಳ ಎದುರೇ ಕುಳಿತರು. ದೃಷ್ಟಿಯ ಮಾತು ಎತ್ತಲಿಲ್ಲ. ನಾನು ಕೂಸನ್ನು ಎತ್ತಿಕೊಂಡು ಹೊಸ್ತಿಲಲ್ಲಿ ನಿಂತಿದ್ದೆ. ನಾದಿನಿ ತುತ್ತು ಕಲಸಿದಳು. ರೂಢಿಯಂತೆ ಅವಳ ಕೈ ಬಾಯಿಗೆ ಹೋಗದೆ ಹೊರಸಿನ ಕೆಳಗೆ ಇಳಿಯಿತು. ಅತ್ತೆ ಆ ಮಣಿಕಟ್ಟನ್ನು ಹಿಡಿದುಕೊಂಡರು. ಅವರ ಹೆಬ್ಬೆರಳು ಮಧ್ಯದ ಬೆರಳನ್ನು ದಾಟಿ ಹೋಯಿತು. ದಿನಾ ತಾವೇ ನೀರೆರೆದ ಮಗಳ ಕೈ ಅದು, ಹೊಸದಾಗಿ ಮುಟ್ಟಿದವರ ಹಾಗೆ ನೋಡುತ್ತಿದ್ದರು.

"ಉಣ್ಣವ್ವಾ" ಎಂದರು. "ಮೈ ತುಂಬಿದ್ರೂ ಕಳಸೂದಿಲ್ಲ."

ನಾದಿನಿ ಅವ್ವನ ಮುಖವನ್ನೇ ನೋಡಿದಳು. ಆ ಮಾತನ್ನು ಅವಳು ನಂಬಲಿಲ್ಲ, ನಾನೂ ನಂಬಲಿಲ್ಲ. ಅತ್ತೆ ಕೈ ಬಿಡಲಿಲ್ಲ, ಕಣ್ಣೂ ತಪ್ಪಿಸಲಿಲ್ಲ. ತುತ್ತು ಆರಿ ಹೋಗುವಷ್ಟು ಹೊತ್ತು ಹಾಗೇ ಕುಳಿತಿದ್ದರು. ಆಮೇಲೆ ಅವಳು ತುತ್ತಿಗೆ ಬಾಯಿ ತೆರೆದಳು.